ಸೀಗಿ ಹುಣ್ಣಿಮೆಗೆ ಜೀಪು ಎತ್ತರಿಸಿದ್ದು

ಆಗಸ್ಟ್ 17, ರವಿವಾರ

ಮನೆಗೆ ಇವತ್ತು ಹೊಸ ಟೈರು ಬಂದವು. ಈ ಮನೆಗೆ ಸೊಸೆ ಬಂದ ದಿನವೂ ಇಷ್ಟು ಸಡಗರ ಇರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಆ ಸೊಸೆ ನಾನೇ. ನನ್ನ ಗಂಡ ಶಿವಯೋಗೀಶ, ನೀರಾವರಿ ಇಲಾಖೆಯ ಗುಮಾಸ್ತ, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಟೈರಿನ ಮೈ ಸವರುತ್ತಿದ್ದರು. ಒಂದೊಂದೂ ನನ್ನ ಸೊಂಟಕ್ಕೆ ಬರುತ್ತದೆ.

“ವಾಣಿ, ಇದರ ಹಲ್ಲ ನೋಡ.”

“ನೋಡಿದೆ. ನಾಳೆ ಬ್ರಶ್ ತಂದ ಕೊಡತೇನಿ, ತಿಕ್ಕರಿ,” ಅಂದೆ.

ಇದೆಲ್ಲ ಶುರುವಾದದ್ದು ಅತ್ತೆಯವರ ಹೋಳಿಗೆಯಿಂದ. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಒಯ್ದು, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಅಡಿಗೆಯೆಲ್ಲ ಕಲಸಿ ಹೊಲಕ್ಕೆ ಚರಗ ಚೆಲ್ಲುವುದು ಅವರು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದ ಕೆಲಸ. ಹೋದ ವರ್ಷ ತಪ್ಪಿತು. ಗಬ್ಬೂರ ದಾಟಿ ಬೈಪಾಸಿನ ಆಚೆ ನಮ್ಮ ಹೊಲ. ಅರ್ಧ ದಾರಿಯಲ್ಲಿ ನಮ್ಮ ಹಳೆಯ ಜೀಪು ಎರೆ ಮಣ್ಣಿನಲ್ಲಿ ಹೊಟ್ಟೆ ಊರಿ ಕೂತುಬಿಟ್ಟಿತು. ಹೊಲ ನೋಡಿಕೊಳ್ಳುವ ಗುಡ್ಡಪ್ಪ ಟ್ರ್ಯಾಕ್ಟರ್ ತಂದು ಎಳೆಯುವಷ್ಟರಲ್ಲಿ ಹೊತ್ತು ಮುಳುಗಿ, ಬುತ್ತಿಯ ಅನ್ನ ಹಳಸಿತ್ತು. ಅತ್ತೆಯವರು ಮನೆಗೆ ಬಂದು ಒಂದೇ ಮಾತು ಹೇಳಿದರು: “ಚರಗಾ ಚೆಲ್ಲೂ ತನಕಾ ನಾ ಹೋಳಿಗಿ ಮುಟ್ಟೂದಿಲ್ಲ.”

ಹೋಳಿಗೆ ಅಂದರೆ ಹಾಸಿಗೆಯಿಂದ ಎದ್ದು ಬರುವ ಹೆಂಗಸು. ಯುಗಾದಿ ಹೋಯಿತು, ಪಂಚಮಿ ಹೋಯಿತು, ನಂಟರ ಮದುವೆಗಳು ಹೋದವು, ಮುಟ್ಟಲಿಲ್ಲ. ಮೊಣಕಾಲು ಕೆಟ್ಟು ಅಷ್ಟು ದೂರ ನಡೆಯಲಾರರು. ಗುಡ್ಡಪ್ಪ ಎತ್ತು ಮಾರಿದ್ದಾನೆ. “ಟ್ರ್ಯಾಕ್ಟರನ್ಯಾಗ ಹೋಗ್ರಿ ಅತ್ತೀ,” ಅಂದೆ. “ಅದರಾಗ ಗೊಬ್ಬರಾ ಹೇರತಾರ. ನಾ ಏನ ಗೊಬ್ಬರೇನ?” ಅಂದರು. ಅದಕ್ಕೆ ಮಗರಾಯನ ಉಪಾಯ: ದೊಡ್ಡ ಗಾಲಿ ಹಾಕಿಸಿದರೆ ಜೀಪಿನ ಹೊಟ್ಟೆ ಕೆಸರಿನಿಂದ ಮೇಲೆ ಇರುತ್ತದಂತೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹೊಲಕ್ಕೆ ಅನ್ನ ಎರಚಿದರೆ ಇಲಿಗೆ ಊಟ, ಅಷ್ಟೇ. ಗಾಲಿ ಗುಂಡಗಿದ್ದರೆ ಸಾಕು, ಅದರಲ್ಲಿ ದೊಡ್ಡದೇನು ಸಣ್ಣದೇನು ಅಂತ ಇವರಿಗೂ ಹೇಳಿದೆ.

ಆಗಸ್ಟ್ 19, ಮಂಗಳವಾರ

ಗಬ್ಬೂರ ಕ್ರಾಸಿನ ಹತ್ತಿರ ಮುಜಾಫರನ ಗ್ಯಾರೇಜಿನಲ್ಲಿ ಟೈರು ಹಾಕಿದರಂತೆ. ಜೀಪು ಈಗ ಸೀದಾ ಮಾತ್ರ ಹೋಗುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಹಂದಿ ಕೂಗಿದ ಹಾಗೆ ಕೂಗುತ್ತದೆ.

“ಸೀದಾ ಹೋಗೂದಂತೂ ಭಾಳ ಛಲೋ ಹೋಗತೈತಿ,” ಅಂತ ನಮ್ಮವರು.

ನವನಗರದ ನಮ್ಮ ಮನೆ ತಿರುವಿನಲ್ಲಿದೆ. ಜೀಪು ಗ್ಯಾರೇಜಿನಲ್ಲೇ ಉಳಿಯಿತು. ಇವರು ಬಸ್ಸಿನಲ್ಲಿ ಬಂದರು.

ಆಗಸ್ಟ್ 27, ಬುಧವಾರ

ಗಣಪತಿ ಕೂತ. ನಮ್ಮ ಓಣಿಯ ತುದಿಯಲ್ಲಿ ಅವನಿಗಾಗಿಯೇ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದಾರೆ, ಎದೆಮಟ್ಟ ಎತ್ತರ, ಪಕ್ಕದಲ್ಲಿ ಗಿಡ್ಡ ಗಿಡ್ಡ ಮೆಟ್ಟಿಲು, ಹಿಡಿಯಲಿಕ್ಕೆ ಕಬ್ಬಿಣದ ಕೊಳವೆ. ವರ್ಷದ ಉಳಿದ ದಿನ ಅಲ್ಲಿ ಹುಡುಗರು ಕೂತು ಫೋನು ನೋಡುತ್ತಾರೆ.

ಜೀಪಿನ ಸಮಾಚಾರ: ಗಾಲಿ ಉಜ್ಜಬಾರದೆಂದರೆ ಮೈ ಮೇಲೇಳಬೇಕಂತೆ. ಗಾಲಿಯ ಮೇಲೆ ಜೀಪಿನ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಪಾಟಾ ಅನ್ನುತ್ತಾರೆ. ಅವುಗಳಿಗೆ ಹೊಸ ಪಟ್ಟಿ ಸೇರಿಸಿ, ಕಮಾನು ಏರಿಸಿ, ತುದಿಗೆ ಉದ್ದ ಕೊಂಡಿ ಹಾಕಬೇಕು. ಕೊಂಡಿ ಮಾಡಿಸಲು ಇವರು ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದರು, ಹಬ್ಬದ ದಿನ! ಪೂಜೆಗೆ ಗಂಡಸು ಬೇಕೆಂದು ಕಾದು ಕಾದು ಕೊನೆಗೆ ನಾನೇ ಮಾಡಿದೆ. ಗಣಪತಿ ಏನೂ ಅನ್ನಲಿಲ್ಲ.

ಅತ್ತೆಯವರು ತಮ್ಮ ಪಾಲಿನ ಹೋಳಿಗೆ ನನ್ನ ತಟ್ಟೆಗೆ ಹಾಕಿದರು. ಅವರ ಹಟಕ್ಕೆ ನನ್ನ ಬ್ಲೌಸುಗಳು ಬಿಗಿಯಾಗುತ್ತಿವೆ.

ಸೆಪ್ಟೆಂಬರ್ 6, ಶನಿವಾರ

ಗಣಪತಿಯನ್ನು ಬಾವಿಗೆ ಕಳಿಸುವ ದಿನ. ಟ್ರ್ಯಾಕ್ಟರಿನ ಟ್ರೇಲರನ್ನು ಹಿಂದಕ್ಕೆ ಒಯ್ದು ಕಟ್ಟೆಗೆ ಹಚ್ಚಿ ನಿಲ್ಲಿಸಿದರು. ಮೂರ್ತಿಯನ್ನು ಎತ್ತುವ ಕೆಲಸವೇ ಇಲ್ಲ, ಹಲಗೆ ಸಮೇತ ಜಾರಿಸಿದರೆ ಆಯಿತು. ಓಣಿಯವರೆಲ್ಲ ನೆರೆದು “ಮೋರಯಾ” ಅನ್ನುವ ಹೊತ್ತಿಗೆ ಬಂದರು ನಮ್ಮವರು, ಎತ್ತರಿಸಿದ ಜೀಪಿನಲ್ಲಿ.

ನಿಜ ಹೇಳಬೇಕೆಂದರೆ ಜೀಪು ನೋಡುವಂತಿತ್ತು. ಜನ ಗಣಪತಿಯನ್ನು ಬಿಟ್ಟು ಅದರ ಕಡೆ ತಿರುಗಿದರು. ಇವರು ಹಾರ್ನ್ ಹೊಡೆದು, ಬಾಗಿಲು ತೆಗೆದು, ಸುತ್ತ ನೋಡಿ ಮುಗುಳ್ನಕ್ಕು, ದಿನಾ ಇಳಿಯುವ ಹಾಗೆ ಕಾಲು ಕೆಳಗಿಟ್ಟರು. ಕೆಳಗೆ ನೆಲ ಇರಲಿಲ್ಲ. ಅದು ಇನ್ನೂ ಸಾಕಷ್ಟು ಕೆಳಗಿತ್ತು.

ಹೀಗೆ ಗಣಪತಿಗಿಂತ ಮೊದಲು ವಿಸರ್ಜನೆಯಾದವರು ನಮ್ಮ ಮನೆಯವರು. ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ದವಾಖಾನೆಯಲ್ಲಿ ನರ್ಸು ಹೇಗಾಯಿತೆಂದು ಕೇಳಿದಾಗ “ಆ್ಯಕ್ಸಿಡೆಂಟ್” ಅಂದರು. “ನಿಂತ ಗಾಡಿಯಿಂದ ಬಿದ್ದಾರ್ರಿ,” ಅಂತ ನಾನು ತಿದ್ದಿದೆ. ಪ್ಲಾಸ್ಟರ್ ಬಿಚ್ಚುವುದು ಸೀಗಿ ಹುಣ್ಣಿಮೆ ಆದ ಮೇಲೆ. ಅಂದರೆ ಜೀಪು ಯಾರು ಹೊಡೆಯುವುದು?

ಅತ್ತೆಯವರು ಮಗನ ಕೈ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ.

ಸೆಪ್ಟೆಂಬರ್ 10, ಬುಧವಾರ

ಶಾಲೆ ಬಿಟ್ಟ ಮೇಲೆ ಜೀಪು ಹೊಡೆದೆ. ಯಾರಾದರೂ ಹೊಡೆಯಲೇಬೇಕಲ್ಲ. ಸ್ಟೇರಿಂಗ್ ತಿರುಗಿಸುವುದೆಂದರೆ ಬೀಸುವ ಕಲ್ಲು ತಿರುಗಿಸಿದ ಹಾಗೆ. ಉಣಕಲ್ಲಿನ ಏರಿನಲ್ಲಿ ಎಂಜಿನ್ನಿಗೆ ದಮ್ಮು ಹತ್ತಿತು. ಹಿಂದಿನ ಲಾರಿಯವನು ನನಗೆ ಏನೋ ಬೈದ. ನಾನು ಅದಕ್ಕಿಂತ ಚೆನ್ನಾಗಿ ಬೈದೆ. ಹೈಸ್ಕೂಲು ಹುಡುಗರ ನಡುವೆ ಇಷ್ಟು ವರ್ಷ ಸುಮ್ಮನೆ ಕಳೆದಿಲ್ಲ.

ಮುಜಾಫರ ಹೇಳಿದ: “ಟೀಚರ್, ಗಾಲಿ ದೊಡ್ಡು ಆತಲ್ರಿ, ಎಂಜಿನ್ನಿಗೆ ತಿರುಗಸಾಕ ತಾಕತ್ತ ಸಾಲವಲ್ದು. ಆ್ಯಕ್ಸಲ್‌ನ್ಯಾಗಿನ ಕ್ರೌನ್-ಪಿನಿಯನ್ ಬದಲ ಮಾಡಬೇಕ್ರಿ.”

ಗಾಲಿಗೆ ಪಾಟಾ, ಪಾಟಾಕ್ಕೆ ಕೊಂಡಿ, ಈಗ ಆ್ಯಕ್ಸಲ್. ಒಂದು ಸೀರೆ ಕೊಂಡರೆ ಅದಕ್ಕೆ ಹೊಂದುವ ಬ್ಲೌಸು, ಬಳೆ, ಚಪ್ಪಲಿ ಅಂತ ನನ್ನನ್ನು ಆಡಿಕೊಳ್ಳುವವರು ಇದೇ ಗಂಡಸರು.

ಸೆಪ್ಟೆಂಬರ್ 14, ರವಿವಾರ

ಕ್ರೌನ್-ಪಿನಿಯನ್ ಅಂದರೆ ಬೇರೇನಲ್ಲ, ಒಂದು ಸಣ್ಣ ಹಲ್ಲುಗಾಲಿ ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು. ಎಂಟನೇ ಇಯತ್ತೆಯ ಅನುಪಾತದ ಲೆಕ್ಕ. ಸಣ್ಣದು ಹೆಚ್ಚು ಸುತ್ತು ಸುತ್ತಿದಷ್ಟೂ ಗಾಲಿ ನಿಧಾನ, ಆದರೆ ಎಳೆಯುವ ಜೋರು ಜಾಸ್ತಿ. ಇಷ್ಟು ಸಣ್ಣ ವಿಷಯವನ್ನು ನಮ್ಮವರು ಮತ್ತು ಮುಜಾಫರ ಮುಂಜಾನೆಯಿಂದ ಪರಬ್ರಹ್ಮದ ಹಾಗೆ ಚರ್ಚಿಸುತ್ತಿದ್ದರು.

ಹಿಂದಿನ ಆ್ಯಕ್ಸಲ್ಲಿಗೆ ಹೊಸದು ಹಾಕಿ ಮುಗಿಯಿತು. ಏರಿನಲ್ಲಿ ಈಗ ಜೀಪು ದಮ್ಮಿಲ್ಲದೆ ಹತ್ತುತ್ತದೆ. ಆದರೆ ಗ್ಯಾರೇಜಿನ ಹಿಂದಿನ ಬಯಲಲ್ಲಿ ನಾಲ್ಕೂ ಗಾಲಿಗೆ ಎಳೆತ ಕೊಟ್ಟು ಬಿಟ್ಟರೆ ಕಟಕ್ ಕಟಕ್ ಅಂತ ಕುಪ್ಪಳಿಸಿತು. ನನ್ನ ತಲೆ ಕ್ಯಾನ್ವಾಸ್ ಹುಡ್ಡಿನ ಕಂಬಿಗೆ ಬಡಿಯಿತು.

“ಬ್ರೇಕ್ ಹಿಡದೈತಿ,” ಅಂತ ನಮ್ಮವರು. “ಗ್ರೀಸ್ ಕಮ್ಮಿ ಆಗೈತ್ರಿ,” ಅಂತ ಮುಜಾಫರ. ಇಬ್ಬರೂ ಜೀಪಿನ ಕೆಳಗೆ ಮಲಗಿ ಸಂಜೆಯವರೆಗೆ ಒಬ್ಬರನ್ನೊಬ್ಬರು ಒಪ್ಪಿದರು.

ಸೆಪ್ಟೆಂಬರ್ 21, ರವಿವಾರ

ದಸರೆಯ ಸೂಟಿ ಶುರು. ಮುಂಜಾನೆ ಎದ್ದು ಗ್ಯಾರೇಜಿಗೆ ಹೋದೆ. ಮನೆಯಲ್ಲಿದ್ದರೆ ಉಪ್ಪಿನಕಾಯಿ ಹಾಕುವ ಕೆಲಸವಿತ್ತು, ಅದಕ್ಕೆ.

ಜೀಪನ್ನು ಜ್ಯಾಕಿನ ಮೇಲೆ ಎತ್ತಿಸಿ, ಮುಂದಿನ ಗಾಲಿಗೊಂದು ಹಿಂದಿನ ಗಾಲಿಗೊಂದು ಸೀಮೆಸುಣ್ಣದ ಗೆರೆ ಎಳೆದೆ. ಗೇರ್‌ಬಾಕ್ಸಿನಿಂದ ಬರುವ ಎರಡೂ ಶಾಫ್ಟನ್ನು ಒಂದೇ ಸಮ ಕೈಯಿಂದ ತಿರುಗಿಸಲು ಹೇಳಿದೆ. ಮುಂದಿನ ಗೆರೆ ಒಂದು ಸುತ್ತು ಮುಗಿಸಿ ಬಂದಾಗ ಹಿಂದಿನದು ಇನ್ನೂ ದಾರಿಯಲ್ಲಿತ್ತು. ಹಿಂದೆ ಹೊಸ ಅನುಪಾತ, ಮುಂದೆ ಹಳೆಯದು. ಎರಡೂ ಜಗ್ಗಾಡದೆ ಏನು ಮಾಡಬೇಕು?

ಮುಜಾಫರ ತಲೆ ಕೆರೆದುಕೊಂಡ. “ಮುಂದಿಂದು ಸಿಗಲಿಲ್ರಿ ಟೀಚರ್. ಮತ್ತ ಸಾಹೇಬ್ರು ನಡೀತೈತಿ ಅಂದ್ರು.”

ಸಾಹೇಬರು ಪ್ಲಾಸ್ಟರಿನೊಳಗೆ ಪೆನ್ನು ತೂರಿಸಿ ಕೆರೆದುಕೊಳ್ಳುತ್ತಾ ಆಕಾಶ ನೋಡಿದರು. ಮುಂದಿನ ಜೋಡಿ ತರಿಸದ ಹೊರತು ಈ ಜೀಪು ಕೆಸರು ಮುಟ್ಟುವುದಿಲ್ಲ ಅಂತ ಹೇಳಿಬಂದೆ.

ಸಂಜೆ ರೊಟ್ಟಿ ಬಡಿಯುವಾಗ ಅತ್ತೆಯವರು “ಏನ ತಕರಾರ ಅದರದ?” ಅಂದರು. ಹಿಟ್ಟಿನಲ್ಲಿ ಬೆರಳಿಂದ ಎರಡು ಗಾಲಿ ಬರೆದು ತೋರಿಸಿದೆ.

“ಜೋಡೆತ್ತಿನ್ಯಾಗ ಒಂದು ಲಗೂ ನಡದು ಒಂದು ಸಾವಕಾಶ ನಡದ್ರ ಬಂಡಿ ಹಿಂಗ ಜಗ್ಗಾಡತೈತಿ. ನೊಗಾನ ಮುರೀತೈತಿ,” ಅಂದರು.

ಅನುಪಾತ ಇಷ್ಟು ಬೇಗ ತಿಳಿದ ವಿದ್ಯಾರ್ಥಿ ನನಗೆ ಈವರೆಗೆ ಸಿಕ್ಕಿರಲಿಲ್ಲ. ಆಮೇಲೆ ಇಬ್ಬರೂ ಕೂತು ಅವರ ಕಾಲದ ಎತ್ತುಗಳ ಸುದ್ದಿ ಮಾತಾಡಿದೆವು. ಒಂದು ರೊಟ್ಟಿ ಹೊತ್ತಿತು.

ಸೆಪ್ಟೆಂಬರ್ 28, ರವಿವಾರ

ಮುಂದಿನ ಜೋಡಿ ಹಾಕಿಸಿದೆ. ಮಳೆ ಹಿಡಿದು ಬಿಟ್ಟಿದೆ. ಒಬ್ಬಳೇ ಹೊಲದ ದಾರಿಗೆ ಹೋಗಿ ನೋಡಿದೆ.

ಎರೆ ಮಣ್ಣು ನಮ್ಮ ಟೈರಿನ ಹಲ್ಲಿನಲ್ಲಿ ತುಂಬಿಕೊಂಡು ಗಾಲಿಗಳು ಕೊಬ್ಬಿ ಇನ್ನೂ ದೊಡ್ಡವಾದವು. ನಿಧಾನಕ್ಕೆ ಹೋದರೆ ತುಂಬುತ್ತವೆ, ಒಮ್ಮೆ ಎಕ್ಸಿಲರೇಟರ್ ಒತ್ತಿದರೆ ಉದುರುತ್ತವೆ. ಹೋದ ವರ್ಷ ಇವರು ಜೀಪು ಹುಗಿಸಿದ ಜಾಗ ದಾಟಿಬಿಟ್ಟೆ! ಗುಡ್ಡಪ್ಪ ಬದುವಿನ ಮೇಲೆ ನಿಂತು “ಅಕ್ಕಾರಽ, ಹುಗೀತಂದ್ರ ಟ್ರ್ಯಾಕ್ಟರ್ ಇವತ್ತ ಸಿಗೂದಿಲ್ರಿ” ಅಂತ ಉತ್ಸಾಹದಿಂದ ಕೂಗುತ್ತಿದ್ದ. ಪಾಪ, ಅವನಿಗೆ ನಿರಾಸೆ ಮಾಡಿದೆ.

ಮನೆಗೆ ಬಂದಾಗ ಗೌರಕ್ಕ ಬಾಗಿಲಲ್ಲಿ ಕೂತಿದ್ದರು. ಓಣಿಯೆಲ್ಲ ಅತ್ತೆಯವರನ್ನು ಹಾಗೇ ಕರೆಯುತ್ತದೆ. ಗೋಡೆ ಹಿಡಿದು ಬಂದು ಟೈರಿನ ಹಲ್ಲಿನಿಂದ ಒಂದು ಚೂರು ಮಣ್ಣು ಕಿತ್ತು ಮೂಸಿ ನೋಡಿದರು. “ನಮ್ಮ ಹೊಲದ್ದ,” ಅಂದರು. ಆ ಮಣ್ಣನ್ನು ಕೆಳಗೆ ಹಾಕಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು.

ಅಕ್ಟೋಬರ್ 1, ಬುಧವಾರ

ಇವತ್ತು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಆಯುಧ ಪೂಜೆ. ಜೀಪು ತೊಳೆದು ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟೆವು. “ಯವ್ವಾ, ನೀನ ಮೊದಲ ಹತ್ತ,” ಅಂದರು ಇವರು.

ಗೌರಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಜೀಪಿನ ಪಕ್ಕ ನಿಂತರು. ಹತ್ತುವ ಜಾಗ ಅವರ ಸೊಂಟಕ್ಕಿಂತ ಮೇಲಿತ್ತು. ಒಂದು ಕಾಲು ಎತ್ತಿದರು, ಮೊಣಕಾಲು ಅರ್ಧಕ್ಕೇ ನಿಂತಿತು. ಸ್ಟೂಲು ತಂದೆವು, ಅದರ ಮೇಲೂ ಕಾಲು ಏರಲಿಲ್ಲ. ಮೇಲೆತ್ತಲು ಹೋದ ಮಗನಿಗೆ ಒಂದೇ ಕೈ. ನಾನು ಹಿಂದಿನಿಂದ ಹಿಡಿದೆ, ಅವರು ನೋವಿಗೆ “ಶಿವನೇ” ಅಂದರು, ಬಿಟ್ಟೆ.

ಇಷ್ಟು ದಿನ ಪಾಟಾ, ಕೊಂಡಿ, ಕ್ರೌನ್, ಪಿನಿಯನ್ ಅಂತ ಮೂವರು ತಲೆ ಕೆಡಿಸಿಕೊಂಡೆವು. ಯಾರನ್ನು ಕೂರಿಸಲು ಇದೆಲ್ಲ ಮಾಡುತ್ತಿದ್ದೇವೋ ಅವರು ಹತ್ತುವುದು ಹೇಗೆ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಗಣಿತದ ಟೀಚರ್ ಅಂತೆ!

“ಭಾರಿ ಛಲೋ ಮಾಡೀರಿ,” ಅಂದರು ಗೌರಕ್ಕ. “ಆನಿ ತಂದೀರಿ, ಏರೂದು ಹೆಂಗಂತ ಮರತೀರಿ.”

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಕ್ಕು ಒಳಗೆ ಹೋಗಿ ಹೊಸ ಸೀರೆ ಬಿಚ್ಚಿ ಮಡಚಿಟ್ಟರು. ನನಗೆ ಅಳು ಬಂತು. ಯಾಕೆ ಬಂತೋ, ಚರಗ ನಂಬದವಳಿಗೆ.

ಅಕ್ಟೋಬರ್ 2, ಗುರುವಾರ

ಬನ್ನಿ ಕೊಡಲು ಹೋದಾಗ ಗೌರಕ್ಕ ತಲೆ ಮೇಲೆ ಕೈಯಿಟ್ಟು “ಬಂಗಾರದಂಗ ಇರೂಣು” ಅಂದರು. ಹೊಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 4, ಶನಿವಾರ

ಮುಜಾಫರ ಕಾಲಿಡಲು ಕಬ್ಬಿಣದ ಮೆಟ್ಟಿಲು ಬೆಸೆದುಕೊಡುತ್ತೇನೆ ಅಂದ. ಅದನ್ನು ಕೆಳಗೆ ಇಳಿಸಿದರೆ ಕೆಸರಿಗೆ ಸಿಕ್ಕಿ ಕಿತ್ತುಹೋಗುತ್ತದೆ, ಮೇಲಿದ್ದರೆ ಗೌರಕ್ಕನ ಕಾಲು ಏರುವುದಿಲ್ಲ. ಗಾಲಿ ಬಿಚ್ಚಿ ಹಳೆಯದು ಹಾಕೋಣ ಅಂದರು ಇವರು. ಮತ್ತೆ ಅದೇ ಜಾಗದಲ್ಲಿ ಹೊಟ್ಟೆ ಊರಿ ಕೂರಲಿಕ್ಕೆ? ಸಿಕ್ಕಾಪಟ್ಟೆ ಬೈದೆ.

ಬೈದು ಹಾಲು ತರಲು ಹೊರಟೆ. ಓಣಿಯ ತುದಿಯಲ್ಲಿ ಗಣಪತಿ ಕಟ್ಟೆ. ಗಿಡ್ಡ ಮೆಟ್ಟಿಲು, ಹಿಡಿಯಲು ಕೊಳವೆ, ಎದೆಮಟ್ಟ ಎತ್ತರ.

ಹಾಲು ಮರೆತು ಮನೆಗೆ ಓಡಿದೆ. ಗೌರಕ್ಕ ಕೇಳಿ ಬಾಯಿಗೆ ಸೆರಗು ಹಚ್ಚಿ ನಕ್ಕರು. “ನಾ ಮದುವಿ ಆಗಿ ಬರೂವಾಗೂ ಬಂಡೀನ ಕಟ್ಟಿಗೆ ಹಚ್ಚಿದ್ರವಾ.”

ಅಕ್ಟೋಬರ್ 7, ಮಂಗಳವಾರ, ಸೀಗಿ ಹುಣ್ಣಿಮೆ

ಕೈ ನೋಯುತ್ತಿದೆ, ಗಂಟಲು ಹೋಗಿದೆ. ಆದರೂ ಎಲ್ಲ ಬರೆಯಬೇಕು.

ಜೀಪಿನ ಹುಡ್ಡು ಬಿಚ್ಚಿ, ಹಿಂಬಾಗಿಲು ತೆಗೆದು, ಹಿಂದಕ್ಕೆ ಒಯ್ದು ಕಟ್ಟೆಗೆ ಹಚ್ಚಿದೆ. ಗೌರಕ್ಕ ಕೊಳವೆ ಹಿಡಿದು ಒಂದೊಂದೇ ಮೆಟ್ಟಿಲು ಏರಿ, ಮೊನ್ನೆ ಗಣಪತಿ ಕೂತಿದ್ದ ಜಾಗದಲ್ಲಿ ಸುಧಾರಿಸಿಕೊಂಡು, ಮನೆಯ ಹೊಸ್ತಿಲು ದಾಟಿದ ಹಾಗೆ ಜೀಪಿನೊಳಗೆ ಬಂದರು. ಓಣಿಯ ಹುಡುಗರು “ಗಣಪತಿ ಬಪ್ಪಾ” ಅಂದರು. “ಮೋರಯಾ” ಅಂದವರು ಸ್ವತಃ ಗೌರಕ್ಕ.

ಬುತ್ತಿ ಅವರ ತೊಡೆಯ ಮೇಲೆ: ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ, ಅನ್ನ, ಶೇಂಗಾ ಹೋಳಿಗೆ. ಇವರು ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ಕೂತರು. ಜೀಪಿನೊಳಗೆ ಹೊಸ ರಬ್ಬರ್ ಮ್ಯಾಟ್ ಹಾಸಿದ್ದರು, ಚಪ್ಪಲಿ ಒರೆಸಿ ಹತ್ತು ಅಂತ ನನಗೇ ತಾಕೀತು.

ರಾತ್ರಿ ಮಳೆ ಬಿದ್ದಿತ್ತು. ಹೋದ ವರ್ಷ ಹುಗಿದ ಆ ಜಾಗಕ್ಕೆ ಬಂದಾಗ ಮುಂದಿನ ಎಡಗಾಲಿ ಸರಕ್ಕನೆ ಇಳಿಯಿತು. ಜೀಪು ವಾಲಿತು.

“ಎಲ್ಲಾರೂ ಇಳೀರಿ, ಭಾರ ಕಡಿಮಿ ಆಗಲಿ,” ಅಂದರು ಇವರು.

ಅಂದವರೇ ತಾಯಿಯ ಕಡೆ ನೋಡಿದರು. ನಾನೂ ನೋಡಿದೆ. ಇಲ್ಲಿ ಕಟ್ಟೆ ಎಲ್ಲಿದೆ? ಹತ್ತಿಸುವುದನ್ನು ಅಷ್ಟು ಚಂದ ಯೋಚಿಸಿದ್ದೆವು, ಇಳಿಸುವುದನ್ನು ಯಾರೂ ಯೋಚಿಸಿಲ್ಲ. ಆ ಕಟ್ಟೆಯಿಂದ ಹತ್ತಿದವರನ್ನು ನಾವು ಇಳಿಸುವುದು ಬಾವಿಯಲ್ಲಿ!

“ನಾ ಇಳಿಯೂದಿಲ್ಲ,” ಅಂದರು ಗೌರಕ್ಕ, ಬುತ್ತಿ ಅವುಚಿಕೊಂಡು. “ವಾಣಿ, ನೀ ಹೊಡಿ.”

ಕ್ಲಚ್ಚು ಒತ್ತಿದೆ. ಹಿಂದಿನ ವರ್ಷದ ಹಳಸಿದ ಬುತ್ತಿ ಕಣ್ಣ ಮುಂದೆ ಬಂತು. ಸಣ್ಣ ಗೇರಿಗೆ ಹಾಕಿ, ನಾಲ್ಕೂ ಗಾಲಿಗೆ ಎಳೆತ ಕೊಟ್ಟು, ಸ್ಟೇರಿಂಗನ್ನು ಅತ್ತಿತ್ತ ಆಡಿಸುತ್ತಾ ಒತ್ತಿದೆ. ಮಣ್ಣು ತಲೆಯ ಮೇಲೆ ಹಾರಿತು. ಮುಂದಿನ ಗಾಲಿ, ಹಿಂದಿನ ಗಾಲಿ ಒಂದೇ ಹೆಜ್ಜೆಯಲ್ಲಿ ಎಳೆದವು, ಜಗ್ಗಾಡಲಿಲ್ಲ. ಜೀಪು ಮೈ ಕೊಡವಿ ಮೇಲೆ ಬಂತು. ಇವರು ಸಂತೋಷಕ್ಕೆ ನನ್ನ ಬೆನ್ನಿಗೆ ಗುದ್ದಿದರು, ಪ್ಲಾಸ್ಟರಿನ ಕೈಯಿಂದ. ಇನ್ನೂ ನೋವಿದೆ.

ಹೊಲದಲ್ಲಿ ಪೂಜೆ ನಾನು ಮಾಡಿದೆ. ಗೌರಕ್ಕ ಮೇಲಿಂದ ಹೇಳಿದರು, ಕಲ್ಲು ಸೊಟ್ಟ ಐತಿ, ಕುಂಕುಮಾ ಜಾಸ್ತಿ ಆತು, ಹೂವಾ ಹಂಗ ಒಗೀಬ್ಯಾಡ. ಅದಾದ ಮೇಲೆ ಕಲಸಿದ ಚರಗದ ಬುಟ್ಟಿ ಅವರ ಕೈಗೆ ಕೊಟ್ಟೆ. ಅವರು ಚೆಲ್ಲದೆ ಹಿಡಿದು ಕೂತರು.

“ಯಾಕ್ರಿ ಅತ್ತೀ?”

“ಕಾಲಿಗೆ ನೆಲಾ ಹತ್ತಬೇಕವಾ. ಬರಿಗಾಲಿಲೆ ನಿಂತ ಚೆಲ್ಲಬೇಕು.”

ನಾನು ಚಪ್ಪಲಿ ಬಿಟ್ಟು ಹತ್ತಿಯ ಸಾಲಿನೊಳಗೆ ಹೋದೆ. ಎರಡೂ ಕೈಯಲ್ಲಿ ಹಸಿ ಎರೆ ಮಣ್ಣು ಬಗೆದು ತಂದು ಹೊಸ ರಬ್ಬರ್ ಮ್ಯಾಟಿನ ಮೇಲೆ ಸುರಿದೆ. ಇನ್ನೊಂದು ಬೊಗಸೆ, ಮತ್ತೊಂದು ಬೊಗಸೆ. ಇವರು ಬಾಯಿ ತೆಗೆದು ಮ್ಯಾಟ್ ನೋಡಿ, ತಾಯಿಯ ಮುಖ ನೋಡಿ, ಬಾಯಿ ಮುಚ್ಚಿಕೊಂಡರು. ಗೌರಕ್ಕ ಜೀಪಿನ ಕಂಬಿ ಹಿಡಿದು ಎದ್ದು ಎರಡೂ ಪಾದ ಆ ಮಣ್ಣಿನಲ್ಲಿ ಊರಿ ನಿಂತರು.

ಹೊಲದ ಅಂಚಿನ ಬಂಡಿದಾರಿಯಲ್ಲಿ ನಡಿಗೆಗಿಂತ ನಿಧಾನ ಹೊಡೆದೆ. “ಹುಲಿಗ್ಯೋ!” ಅಂತ ಗೌರಕ್ಕ ಮೇಲಿಂದ ಚರಗ ಬೀಸಿದರು. ಹಿಂದೆ ನೀರು ಚಿಮುಕಿಸುತ್ತಾ ನಡೆದು ಬರುವವರು “ಚಲ್ಲಂಬ್ರಿಗ್ಯೋ” ಅನ್ನಬೇಕು. ನಮ್ಮವರು ಹಿಂದೆ ನಡೆಯುತ್ತಾ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ನಾನು ಕೂಗಿದೆ. ಎಂಜಿನ್ನಿನ ಸದ್ದಿಗೆ ಕೇಳಿಸಲಿ ಅಂತ ಜೋರಾಗಿ ಕೂಗಿದೆ, ಬೇರೆ ಕಾರಣವಿಲ್ಲ. ಹೊಲದ ನಾಲ್ಕೂ ಅಂಚು ಕೂಗಿದೆ.

ಕೊನೆಯ ಮೂಲೆಯಲ್ಲಿ ಗೌರಕ್ಕ ನಿಲ್ಲಿಸು ಅಂದರು. ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ಹತ್ತಿ ಹೂ ಬಿಟ್ಟಿತ್ತು, ಆಚೆ ಮೆಣಸಿನ ಗಿಡ, ಅದರಾಚೆ ಬೈಪಾಸಿನ ಲಾರಿಗಳು.

“ನಮ್ಮ ಹೊಲಾ ಇಷ್ಟ ಉದ್ದ ಐತೇನ! ಬಗ್ಗಿ ಕಸಾ ತಗದೀನಿ, ನಡದ ನೋಡೀನಿ. ಹಿಂಗ ಮ್ಯಾಲ ನಿಂತ ಒಂದ ದಿನಾನೂ ನೋಡಿದ್ದಿಲ್ಲ.”

ಆಮೇಲೆ ಕೈ ಚಾಚಿ “ಹೋಳಿಗಿ ಕೊಡ” ಅಂದರು.

“ತುಪ್ಪಾ ಹಾಕಲೇನ್ರಿ?”

“ಅದನ್ನೂ ಕೇಳತಾರೇನ?”

ಅಕ್ಟೋಬರ್ 8, ಬುಧವಾರ

ಮುಂಜಾನೆ ಚಹಾ ಕುಡಿಯುವಾಗ ಗೌರಕ್ಕ ನಿನ್ನೆ ಉಳಿದ ಹೋಳಿಗೆ ಮುಗಿಸುತ್ತಾ ಕೇಳಿದರು: “ವಾಣಿ, ಇದಕ್ಕಿಂತಾ ದೊಡ್ಡು ಗಾಲಿ ಬರತಾವೇನ? ಬಾಜೂ ಹೊಲದ ಜ್ವಾಳಾನೂ ಕಾಣತೈತೇನ ನೋಡೂಣು.”

ಹಾಗೆಲ್ಲ ಆಗುವುದಿಲ್ಲ, ಮತ್ತೆ ಪಾಟಾ ಏರಿಸಬೇಕು, ಕ್ರೌನ್-ಪಿನಿಯನ್ ಹಿಂದೆ ಮುಂದೆ ಎರಡೂ ಬದಲಿಸಬೇಕು, ಈ ಆ್ಯಕ್ಸಲ್ಲೇ ತಡೆಯುವುದಿಲ್ಲ, ದಪ್ಪನೆಯದು ಹಾಕಬೇಕು ಅಂತ ತಿಳಿಸಿ ಹೇಳಿದೆ. ನಮ್ಮವರು ಪೇಪರಿನಿಂದ ತಲೆಯೆತ್ತಿ “ಗಾಲಿ ಗುಂಡಗಿದ್ರ ಸಾಕು, ಇಬ್ಬರೂ ಸುಮ್ನಿರ್ರಿ” ಅಂದರು. ಆಮೇಲೆ ಮ್ಯಾಟಿನ ಮಣ್ಣು ತೊಳೆಯಲು ಹೊರಟರು. ಗೌರಕ್ಕ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಸಂಜೆ ಮುಜಾಫರನ ಹತ್ತಿರ ಹೋಗಿ ಬರಬೇಕು. ಸುಮ್ಮನೆ, ಕೇಳಿಕೊಂಡು ಬರಲಿಕ್ಕೆ.